ಮಾಡಿದವರ ಹೆಸರು: ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕು

ನಮ್ಮೆಲ್ಲರ ಮನೆಗಳಲ್ಲಿಯೂ ಕೈಯಿಂದ ಮಾಡಿದ ವಸ್ತು ಒಂದಾದರೂ ಇದ್ದೇ ಇರುತ್ತದೆ. ಅಟ್ಟದ ಮೇಲೊಂದು ಬಿದಿರಿನ ಬುಟ್ಟಿ, ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ಕಾಲದ ಮಣಿಸರ, ಮಕ್ಕಳು ಕಚ್ಚಿ ಕಚ್ಚಿ ಬಣ್ಣಗೆಡಿಸಿದ ಚನ್ನಪಟ್ಟಣದ ಗೊಂಬೆ. ಅದನ್ನು ಎಲ್ಲಿ ಕೊಂಡೆವು, ಎಷ್ಟಕ್ಕೆ ಕೊಂಡೆವು ಎಂಬುದು ನಮಗೆ ನೆನಪಿರುತ್ತದೆ; ಮಾಡಿದವರು ಯಾರೆಂದು ಕೇಳಿಕೊಂಡ ನೆನಪಿರುವುದಿಲ್ಲ. ಆ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟು, ಅದಕ್ಕೆ ಉತ್ತರ ಹುಡುಕುವುದರಲ್ಲಿಯೇ ಬದುಕಿನ ಉತ್ತರಾರ್ಧವನ್ನು ಕಳೆದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರ ಜೀವನವನ್ನು ನಮ್ಮ ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಬರೆಯಲು ನಾವು ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ವಯನಾಡಿನ ಕಾಡಂಚಿನ ಮನೆಗಳಲ್ಲಿ ಕೈಕೆಲಸ ಇನ್ನೂ ಪೂರ್ತಿಯಾಗಿ ಆರಿಹೋಗಿಲ್ಲ ಎಂಬುದು ಒಂದು. ನಮ್ಮ ಶಾಲೆಯ ಮೊದಲ ತರಗತಿಗಳು ನಡೆಯುತ್ತಿದ್ದ ದಿನಗಳಲ್ಲಿ ವಯನಾಡೂ ಮಂಗಳೂರೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು, ಆ ಲೆಕ್ಕದಲ್ಲಿ ಕಮಲಾದೇವಿಯವರು ನಮ್ಮ ಹಿರಿಯರ ಸೀಮೆಯವರೇ ಎಂಬುದು ಇನ್ನೊಂದು.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಸಾರಸ್ವತ ಮನೆತನವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರ, ಸರ್ಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ, ಓದು ಬಲ್ಲವರು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಓದುಬರಹಕ್ಕೆ ಕನ್ನಡ: ಇಂಥ ಊರಿನಲ್ಲಿ ಬೆಳೆದ ಮಗುವಿಗೆ ಭಾಷೆಗಳ ನಡುವೆ ಓಡಾಡುವುದು ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ಮನೆಯೊಳಗೆ ಒಂದು ಮಾತು, ಸಂತೆಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ಬದುಕುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ತಂದೆಯ ಮೊದಲ ಮದುವೆಯ ಮಗನಿಗೆ ಹೋಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಜೀವನಾಂಶದ ಮಾತು ಮಾತ್ರ. ಗಿರಿಜಾಬಾಯಿಯವರು ಅದನ್ನು ಬೇಡವೆಂದರು. ತವರಿನಿಂದ ತಂದದ್ದರಲ್ಲಿಯೇ ಮಕ್ಕಳನ್ನು ಸಾಕುವೆನೆಂದು ಹೊರಟರು. ತಾನು ನಡೆಸಿದ ಮನೆಯ ಕಾಗದಪತ್ರದಲ್ಲಿ ಹೆಂಗಸಿನ ಹೆಸರೇ ಇರುವುದಿಲ್ಲ ಎಂಬ ಸಂಗತಿಯನ್ನು ಆ ಬಾಲಕಿ ತಿಳಿದದ್ದು ಹೀಗೆ. ಮುಂದೆ ಅವರು ಮಾಡಿದ ಅನೇಕ ಕೆಲಸಗಳ ಬೇರು ಇಲ್ಲಿದೆ ಎಂದು ನಾವು ತಿಳಿಯುತ್ತೇವೆ. ಆದರ್ಶವಾಗಿದ್ದ ಅಕ್ಕ ಸಗುಣಾ ಮದುವೆಯಾದ ಕೆಲಕಾಲದಲ್ಲಿಯೇ ಎಳೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಆ ಬಾಲ್ಯದ ಮತ್ತೊಂದು ಪೆಟ್ಟು. ಮಾವನ ಮನೆಯಲ್ಲಿ ಅವರು ಕಳೆದ ದಿನಗಳಲ್ಲಿ ಗೋಖಲೆ, ಶ್ರೀನಿವಾಸ ಶಾಸ್ತ್ರಿ, ರಮಾಬಾಯಿ ರಾನಡೆ, ಆನಿ ಬೆಸೆಂಟರಂಥವರು ಅಲ್ಲಿಗೆ ಬಂದುಹೋಗುತ್ತಿದ್ದರು. ಮಾತಿನ ನಡುವೆ ಕುಳಿತು ಕೇಳುವ ಸಲುಗೆ ಈ ಹುಡುಗಿಗಿತ್ತು.

1917ರಲ್ಲಿ ಮದುವೆ, 1919ರಲ್ಲಿ ವೈಧವ್ಯ. ಆಗಿನ್ನೂ ಹದಿಹರೆಯ. ಆ ಕಾಲದಲ್ಲಿ ಇಂಥ ಹುಡುಗಿಯ ಕಥೆ ಸಾಮಾನ್ಯವಾಗಿ ಅಡುಗೆಮನೆಯ ಕತ್ತಲೆಯಲ್ಲಿ ಮುಗಿಯುತ್ತಿತ್ತು. ಆದರೆ ಓದು ನಿಲ್ಲಲಿಲ್ಲ. ಮದರಾಸಿನಲ್ಲಿ ಕಲಿಯುತ್ತಿದ್ದಾಗ ಸಹಪಾಠಿ ಸುಹಾಸಿನಿಯ ಮೂಲಕ ಆಕೆಯ ಅಣ್ಣ, ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಇಬ್ಬರನ್ನೂ ಹತ್ತಿರ ತಂದದ್ದು ನಾಟಕದ ಹುಚ್ಚು. ವಿಧವೆಯೊಬ್ಬಳು ಬೇರೆ ಪ್ರಾಂತದ, ಬೇರೆ ಭಾಷೆಯ ವರನನ್ನು ಮದುವೆಯಾದದ್ದಕ್ಕೆ ಬಂಧುಬಳಗದಲ್ಲಿ ಎದ್ದ ಗದ್ದಲವನ್ನು ಓದುಗರು ಊಹಿಸಿಕೊಳ್ಳಬಹುದು. ಅವರಿಗೊಬ್ಬ ಮಗ ಹುಟ್ಟಿದ. ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಕೊನೆಗೆ ಕಾನೂನಿನ ಪ್ರಕಾರವೇ ಬೇರೆಯಾದರು. ಅದು ಸಹ ಅಂದಿನವರ ಕಣ್ಣಿಗೆ ಅಪರಾಧವಾಗಿಯೇ ಕಂಡಿತು.

ನಾಟಕದ ಗೀಳು ಮಾತ್ರ ಕೊನೆಯವರೆಗೂ ಉಳಿಯಿತು. ನಮ್ಮ ಕೇರಳದ ಪಾಲಕ್ಕಾಡು ಸೀಮೆಯ ಕಿಳ್ಳಿಕ್ಕುರಿಶ್ಶಿಮಂಗಲದಲ್ಲಿ ಮಾಣಿ ಮಾಧವ ಚಾಕ್ಯಾರರ ಮನೆಯಲ್ಲಿಯೇ ಉಳಿದು ಅವರು ಕೂಡಿಯಾಟ್ಟದ ಅಭಿನಯವನ್ನು ಅಭ್ಯಾಸ ಮಾಡಿದರು. ಶೂದ್ರಕನ ಮೃಚ್ಛಕಟಿಕವನ್ನು ಆಧರಿಸಿ ಮೋಹನ ಭವನಾನಿಯವರು ನಿರ್ದೇಶಿಸಿದ ಮೂಕಿ ಚಿತ್ರದಲ್ಲಿಯೂ ಅಭಿನಯಿಸಿದರು. ಕನ್ನಡ ಚಲನಚಿತ್ರದ ಇತಿಹಾಸ ಬರೆಯುವವರು ಈ ಚಿತ್ರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೃಚ್ಛಕಟಿಕವೆಂದರೆ ಮಣ್ಣಿನ ಆಟದ ಬಂಡಿ. ಮಗುವಿನ ಆಟಿಕೆಯೊಂದು ಹೆಸರು ಕೊಟ್ಟ ಆ ನಾಟಕದಲ್ಲಿ ಪಾತ್ರ ವಹಿಸಿದ ಹೆಣ್ಣುಮಗಳು ಮುಂದೆ ದೇಶದ ಆಟಿಕೆ, ಗೊಂಬೆ, ಮಡಕೆಗಳ ಪರವಾಗಿ ವಾದಿಸಲು ನಿಂತರು ಎಂಬುದು ಕಾಕತಾಳೀಯವಿರಬಹುದು. ನಮಗಂತೂ ಇಷ್ಟವಾದ ಕಾಕತಾಳೀಯ.

ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಅವರು ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಹಿಂದಿರುಗಿ ಸೇವಾದಳ ಸೇರಿದರು. ರಾಜಕೀಯದ ಈ ಅಧ್ಯಾಯ ಎಲ್ಲರಿಗೂ ಗೊತ್ತಿರುವುದರಿಂದ ನಾವು ಬೇಗ ಮುಂದೆ ಸಾಗುತ್ತೇವೆ. ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದ ಮೇಲೆ 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿದರು. ಸಿದ್ಧತೆಗೆ ಕೆಲವೇ ದಿನ ಸಿಕ್ಕಿದ್ದರೂ ಅತ್ಯಲ್ಪ ಮತಗಳ ಅಂತರದಲ್ಲಷ್ಟೇ ಸೋತರು. ಮರುವರ್ಷ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾದರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿಯವರು ಹೋಗಿ ಅವರನ್ನು ಕಂಡು ವಾದಿಸಿದರು, ಉಪ್ಪಿನ ಸತ್ಯಾಗ್ರಹದ ಬಾಗಿಲು ಹೆಂಗಸರಿಗೂ ತೆರೆಯಿತು. ಮುಂಬಯಿಯ ಚೌಪಾಟಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಒಲೆ ಹೂಡಿ ಕಡಲ ನೀರು ಕಾಯಿಸಿದರು. ಹೈಕೋರ್ಟಿನೊಳಗೇ ಹೋಗಿ ಉಪ್ಪಿನ ಪೊಟ್ಟಣ ಕೊಳ್ಳಿರೆಂದು ನ್ಯಾಯಾಧಿಕಾರಿಯನ್ನೇ ಕೇಳಿದರು. ಸೆರೆಮನೆ ಸೇರಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಮೆರಿಕದಲ್ಲಿ ಸುತ್ತುತ್ತಿದ್ದಾಗ, ದಕ್ಷಿಣದ ರಾಜ್ಯವೊಂದರ ರೈಲಿನಲ್ಲಿ ಬಿಳಿಯರ ಡಬ್ಬಿಯಿಂದ ಏಳಬೇಕೆಂದು ಟಿಕೆಟು ನೋಡುವವನು ಹೇಳಿದ. ಭಾರತದವರೆಂದು ತಿಳಿದ ಮೇಲೆ ಅವನು ಸಡಿಲಗೊಂಡರೂ ಇವರು ಆ ವಿನಾಯಿತಿಯನ್ನು ಬಳಸಿಕೊಳ್ಳಲಿಲ್ಲ. ತಾನೂ ಕರಿಯ ಮೈಬಣ್ಣದವಳೇ ಎಂದು ತಿಳಿಸಿ ಕುಳಿತಲ್ಲಿಯೇ ಕುಳಿತರು.

ಸ್ವಾತಂತ್ರ್ಯ ಬಂದಾಗ ಇಂಥವರಿಗೆ ಮಂತ್ರಿಪದವಿ ದೊಡ್ಡದಾಗಿರಲಿಲ್ಲ. ಕಮಲಾದೇವಿಯವರು ಅತ್ತ ನಡೆಯಲಿಲ್ಲ. ದೇಶವಿಭಜನೆಯಿಂದ ದಿಲ್ಲಿಯ ಸುತ್ತ ಬಂದುಬಿದ್ದ ನಿರಾಶ್ರಿತರ ಡೇರೆಗಳ ಕಡೆಗೆ ನಡೆದರು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಕಟ್ಟಿ, ನಿರಾಶ್ರಿತರೇ ಸಹಕಾರಿ ಪದ್ಧತಿಯಲ್ಲಿ ತಮ್ಮ ಊರು ಕಟ್ಟಿಕೊಳ್ಳಲಿ ಎಂದು ಹೊರಟರು. ಸರ್ಕಾರದ ನೆರವು ಕೇಳಬಾರದು ಎಂಬ ಷರತ್ತಿನ ಮೇಲೆ ನೆಹರೂ ಒಪ್ಪಿದರು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50 ಸಾವಿರ ಜನರಿಗೆ ನೆಲೆಯಾದ ಫರೀದಾಬಾದಿನ ಹಿಂದೆ ಈ ಪ್ರಯತ್ನವಿದೆ. ಡೇರೆಗಳ ನಡುವೆ ಓಡಾಡುತ್ತ ಅವರು ಗಮನಿಸಿದ್ದು ಒಂದು ವಿಷಯ: ಮನೆ, ಹೊಲ, ಒಡವೆ ಎಲ್ಲವನ್ನೂ ಕಳೆದುಕೊಂಡು ಬಂದ ಹೆಂಗಸಿನ ಕೈಯಲ್ಲಿ ಕಸೂತಿ ಉಳಿದಿತ್ತು. ಗಡಿ ದಾಟುವಾಗ ಯಾರೂ ಕಿತ್ತುಕೊಳ್ಳಲಾಗದ ಆಸ್ತಿ ಅದೊಂದೇ.

ಇಲ್ಲಿಂದ ಮುಂದಿನ ನಾಲ್ಕು ದಶಕ ಕರಕುಶಲದ್ದು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು; ಅದರ ಅಧ್ಯಕ್ಷತೆ ಅವರ ಪಾಲಿಗೆ ಬಂತು. ಸರ್ಕಾರ ತೆರೆದಿದ್ದ ದಿಲ್ಲಿಯ ಗುಡಿಕೈಗಾರಿಕೆಗಳ ಮಳಿಗೆಯ ಹೊಣೆಯನ್ನು ಸಹಕಾರಿ ಒಕ್ಕೂಟ ಅದೇ ವರ್ಷ ವಹಿಸಿಕೊಂಡಿತು. ಯೋಜನಾ ಆಯೋಗದ ಕಾಲ ಅದು; ಉಕ್ಕಿನ ಕಾರ್ಖಾನೆ, ಅಣೆಕಟ್ಟುಗಳ ಮಾತು ಎಲ್ಲೆಡೆ ಕೇಳುತ್ತಿತ್ತು. ಗೊಂಬೆ, ಬುಟ್ಟಿ, ಮಣಿಕೆಲಸಗಳನ್ನು ಹಿಡಿದುಕೊಂಡು ಬಂದ ಹೆಂಗಸನ್ನು ಹಳೆಯದರ ಮೋಹಿಯೆಂದು ನಕ್ಕವರಿದ್ದರು. ಅವರು ನಗುವಿಗೆ ಸಿಟ್ಟಾಗಲಿಲ್ಲ. ಊರೂರು ತಿರುಗಿದರು. ಬಸ್ಸು ಹೋಗದ ಹಳ್ಳಿಗೆ ಎತ್ತಿನ ಬಂಡಿಯಲ್ಲಿ, ಬಂಡಿ ಹೋಗದಲ್ಲಿಗೆ ನಡೆದು ಹೋಗಿ, ಕುಶಲಕರ್ಮಿಯ ಎದುರು ನೆಲದ ಮೇಲೆ ಕುಳಿತು ಕೆಲಸ ನೋಡುವುದು ಅವರ ರೀತಿಯಾಗಿತ್ತು.

ಅವರು ಕಂಡದ್ದೇನೆಂದು ತಿಳಿಯಲು ಒಂದು ಗೊಂಬೆಯನ್ನು ಎದುರಿಗಿಟ್ಟುಕೊಳ್ಳೋಣ. ಚನ್ನಪಟ್ಟಣದ ಆಟಿಕೆಗೆ ಬೇಕಾದ್ದು ಹಾಲೆಯ ಮರ. ಹಗುರ, ದಂತದಂತೆ ಬಿಳಿ. ಒಣಗಿಸಿದ ಕೊರಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ ಉಳಿಯಿಂದ ಆಕಾರ ತರುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಬೆಂಕಿಯಿಲ್ಲ, ಕುಂಚವಿಲ್ಲ. ಆಮೇಲೆ ಕೇದಗೆ ಜಾತಿಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವಾಗ ಕೈ ತೆಗೆಯಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದು ತಿಳಿಸುವುದು ಕಷ್ಟ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರದು ಬೇರೆಯೇ ದಾರಿ: ಹಗುರ ಮರದ ತುಂಡುಗಳನ್ನು ಕೂಡಿಸಿ, ಸಂದುಗಳನ್ನು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟಿನಿಂದ ಮಾಡಿದ ಮುದ್ದೆಯಿಂದ ಮುಚ್ಚಿ, ಮೇಲೆ ಬಣ್ಣ ಕೊಡುತ್ತಾರೆ. ಹುಣಸೆಬೀಜದ ಅಂಟಿಗೆ ಹುಳ ಬಾರದಂತೆ ಮಾಡುವ ಬಗೆ, ಯಾವ ತಿಂಗಳಲ್ಲಿ ಮರ ಕಡಿಯಬೇಕೆಂಬ ಲೆಕ್ಕ, ಇವೆಲ್ಲ ಸೇರಿದರೆ ಅದೊಂದು ಶಾಸ್ತ್ರ. ಇದನ್ನು ಬಲ್ಲವನನ್ನು ನಾವು ನಿರಕ್ಷರಿಯೆಂದು ಜನಗಣತಿಯಲ್ಲಿ ಬರೆದುಕೊಳ್ಳುತ್ತೇವೆ. ಕಮಲಾದೇವಿಯವರ ತಕರಾರಿದ್ದದ್ದು ಇಲ್ಲಿ. ಕೈಕೆಲಸದ ವಸ್ತುವನ್ನು ಕರುಣೆಯಿಂದ ಕೊಳ್ಳಬೇಡಿ, ಅದರಲ್ಲಿ ವಿದ್ಯೆಯಿದೆ ಎಂದು ಕೊಳ್ಳಿ ಎಂಬುದು ಅವರ ಭಾಷಣ, ಬರಹಗಳ ಒಟ್ಟು ತಾತ್ಪರ್ಯ.

ಅವರ ಹಿಡಿತಕ್ಕೆ ಸಿಕ್ಕಿ ಉಳಿದುಕೊಂಡ ಕಸುಬುಗಳು ಹಲವು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಿದಿರಿನ ಲೇಖನಿಯಿಂದ ಬಟ್ಟೆಯ ಮೇಲೆ ಪುರಾಣ ಬರೆಯುವ ಕಲಂಕಾರಿ ಬಲ್ಲವರು ಕೈಬೆರಳೆಣಿಕೆಯಷ್ಟಾಗಿದ್ದಾಗ, 1957ರಲ್ಲಿ ಅಲ್ಲೊಂದು ತರಬೇತಿ ಕೇಂದ್ರ ಆರಂಭವಾಯಿತು. ಜೈಪುರದ ನೀಲಿ ಕುಂಭಕಲೆ ನಿಂತೇಹೋಗುವ ಸ್ಥಿತಿಯಲ್ಲಿದ್ದಾಗ ಕೃಪಾಲ ಸಿಂಗ್ ಶೇಖಾವತರು ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಇವರ ಬೆಂಬಲವಿತ್ತು. ಹೊಸ ವಿನ್ಯಾಸಗಳಿಗಾಗಿ ತೆರೆದ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು ಬೆಂಗಳೂರಿಗೆ ಬಂತು. ರಂಗಭೂಮಿಯ ಕೈಕೆಲಸಗಳಿಗೆಂದೇ, ಅಂದರೆ ಸೂತ್ರದ ಗೊಂಬೆ, ತೊಗಲುಗೊಂಬೆ, ಮುಖವಾಡ, ಕಿರೀಟಗಳಿಗೆಂದು, ದಿಲ್ಲಿಯಲ್ಲಿ ಒಂದು ಸಂಗ್ರಹಾಲಯ ಮಾಡಿದರು. ಇದು ನಮಗೆ ತುಂಬ ಹಿಡಿಸಿದ ಕೆಲಸ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಕೆತ್ತಿ, ಬಂಗಾರದ ಬಣ್ಣದ ಹಾಳೆ ಅಂಟಿಸಿ, ಕನ್ನಡಿಚೂರು, ಮಣಿ ಕೂರಿಸುವವರಿದ್ದಾರೆ. ರಾತ್ರಿಯ ಆಟ ಮುಗಿದ ಮೇಲೆ ವೇಷಧಾರಿಯ ಹೆಸರನ್ನು ನಾವು ವರ್ಷಗಟ್ಟಲೆ ನೆನೆಯುತ್ತೇವೆ. ಕಿರೀಟ ಕಟ್ಟಿದವನನ್ನು ಯಾರು ನೆನೆದರು? ಕರಾವಳಿಯಲ್ಲಿ ಹುಟ್ಟಿ, ರಂಗದ ಮೇಲೆಯೂ ಹಿಂದೆಯೂ ನಿಂತು ನೋಡಿದವರಿಗೆ ಮಾತ್ರ ಇಂಥ ಸಂಗ್ರಹಾಲಯ ಬೇಕೆನ್ನಿಸುತ್ತದೆ.

1964ರಲ್ಲಿ ನ್ಯೂಯಾರ್ಕಿನಲ್ಲಿ ಹಲವು ದೇಶಗಳ ಕುಶಲಕರ್ಮಿಗಳು ಸೇರಿ ವಿಶ್ವ ಕರಕುಶಲ ಮಂಡಳಿಯನ್ನು ಸ್ಥಾಪಿಸಿದಾಗ, ಅಮೆರಿಕದ ಐಲೀನ್ ಓಸ್ಬೋರ್ನ್ ವೆಬ್ ಅವರೊಡನೆ ಕಮಲಾದೇವಿಯವರೂ ಸ್ಥಾಪಕರ ಸಾಲಿನಲ್ಲಿದ್ದರು. ಅದೇ ವರ್ಷ ಮದರಾಸಿನಲ್ಲಿ ಭಾರತ ಕರಕುಶಲ ಮಂಡಳಿಯೂ ಹುಟ್ಟಿತು. ಈ ಚಿಂತೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಾಗಿರಲಿಲ್ಲ. ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಜನರ ಬಹುಭಾಗವನ್ನು 1838ರಲ್ಲಿ ಸರ್ಕಾರ ಅವರ ನೆಲದಿಂದ ಎಬ್ಬಿಸಿ ದೂರದ ಪಶ್ಚಿಮಕ್ಕೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಉಳಿದುಕೊಂಡವರ ಮಕ್ಕಳು ಮೊಮ್ಮಕ್ಕಳು ಜೋಳದ ಸಿಪ್ಪೆಯ ಗೊಂಬೆ, ಮಣಿಕೆಲಸ, ಬೆತ್ತದ ಜೋಡಿಹೆಣಿಗೆಯ ಬುಟ್ಟಿಗಳನ್ನು ಮಾಡುತ್ತಲೇ ಬಂದರು. 1946ರಲ್ಲಿ ಅವರು ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿಕೊಂಡರು, ನಮ್ಮ ಸಹಕಾರಿ ಒಕ್ಕೂಟಕ್ಕಿಂತ ಎರಡು ವರ್ಷ ಮೊದಲು. ನೆಲ ಕಳೆದುಕೊಂಡ ಜನ ಕೈಯ ನೆನಪನ್ನು ಹಿಡಿದು ನಿಂತದ್ದು ಅಲ್ಲಿಯೂ ಫರೀದಾಬಾದಿನಲ್ಲಿಯೂ ಒಂದೇ ರೀತಿ.

ಬೆಟ್ಟದ ಜನರ ಮಾತು ಬಂದ ಮೇಲೆ ವಯನಾಡನ್ನು ಬಿಟ್ಟು ಬರೆಯಲಾಗದು. ನಮ್ಮ ಜಿಲ್ಲೆಯ ಊರಾಳಿ ಕುರುಮರು, ವೆಟ್ಟಕುರುಮರೆಂದೂ ಕರೆಯಲ್ಪಡುವವರು, ಕಸುಬಿನ ಜನ. ಕಬ್ಬಿಣದ ಕೆಲಸ, ಮರಗೆಲಸ, ಬಿದಿರಿನ ಹೆಣಿಗೆ ಎಲ್ಲವೂ ಅವರಲ್ಲಿತ್ತು. ತಿಗರಿಯಿಲ್ಲದೆ ಬರಿಗೈಯಿಂದಲೇ ಮಡಕೆ ತಟ್ಟುವ ವಿದ್ಯೆಯೂ ಇತ್ತು. ಅವರ ಮಾತಿನಲ್ಲಿ ಕನ್ನಡದ ನಂಟು ಕಿವಿಗೆ ತಟ್ಟುತ್ತದೆ. ಕಾಟ್ಟುನಾಯ್ಕರ ಮಾತಿನಲ್ಲಿಯೂ ಹಾಗೆಯೇ. ಹಳೆಯ ಜೈನ ಮನೆತನಗಳ ಕನ್ನಡವನ್ನು ಗುರುತಿಸುವ ನಾವು ಇವರ ಮಾತಿನ ಕನ್ನಡದ ನೆಂಟಸ್ತಿಕೆಯನ್ನು ಎಷ್ಟು ಗುರುತಿಸಿದ್ದೇವೆ ಎಂಬುದನ್ನು ಹಳೆಯ ವಿದ್ಯಾರ್ಥಿಗಳೇ ಹೇಳಬೇಕು. ಇಂಥ ಮನೆಯ ಮಗು ಶಾಲೆಗೆ ಬಂದಾಗ ಅದು ಏನನ್ನೂ ತಿಳಿಯದೆ ಬಂದಿದೆ ಎಂದು ಭಾವಿಸಿ ಪಾಠ ಆರಂಭಿಸುವುದು ಶಿಕ್ಷಕರಾದ ನಮಗೆ ಸುಲಭದ ದಾರಿ. ಬಿದಿರನ್ನು ಎಲ್ಲಿ ಸೀಳಿದರೆ ಎಳೆ ಮುರಿಯದು ಎಂದು ಆ ಮಗುವಿನ ಬೆರಳಿಗೆ ಗೊತ್ತಿರಬಹುದು.

ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಮೊದಲಾಯಿತು. ಇದರ ಹಿಂದೆಯೂ ಕಮಲಾದೇವಿಯವರ ಒತ್ತಾಯವಿದೆ. ಅಲ್ಲಿಯವರೆಗೆ ಕಂಚಿನ ವಿಗ್ರಹಕ್ಕೆ ಊರಿನ ಹೆಸರಿತ್ತು, ಸೀರೆಗೆ ಊರಿನ ಹೆಸರಿತ್ತು, ಗೊಂಬೆಗೆ ಊರಿನ ಹೆಸರಿತ್ತು. ಈಗ ತಂದೆಯ ಹೆಸರು, ತನ್ನ ಹೆಸರು, ಊರು, ಕಸುಬು ಎಲ್ಲವನ್ನೂ ಬರೆದ ತಾಮ್ರಪತ್ರ ಹಿಡಿದು ಒಬ್ಬ ಕುಂಬಾರ, ಒಬ್ಬ ನೇಕಾರ ದಿಲ್ಲಿಯಿಂದ ಮನೆಗೆ ಬರತೊಡಗಿದ. ಇದನ್ನು ದೊಡ್ಡ ಬದಲಾವಣೆಯೆಂದೇ ನಾವು ಎಣಿಸುತ್ತೇವೆ. ಆದರೂ ಇಲ್ಲಿ ನಮಗೊಂದು ಅಸಮಾಧಾನವಿದೆ, ಬರೆಯದೆ ಬಿಡಲಾಗದು. ಮಡಕೆಗೆ ಮಣ್ಣು ಹದಮಾಡುವವಳು, ಮಗ್ಗಕ್ಕೆ ನೂಲು ಸುತ್ತುವವಳು, ಗೊಂಬೆಗೆ ಕಣ್ಣು ಬರೆಯುವವಳು ಬಹುಮಟ್ಟಿಗೆ ಮನೆಯ ಹೆಂಗಸು. ಪ್ರಶಸ್ತಿಯ ಪತ್ರದಲ್ಲಿ ಅವಳ ಹೆಸರು ಬಹುಕಾಲ ಅಪರೂಪವಾಗಿಯೇ ಉಳಿಯಿತು. ಗಿರಿಜಾಬಾಯಿಯವರ ಮಗಳು ಶುರುಮಾಡಿದ ಕೆಲಸದೊಳಗೇ ಗಿರಿಜಾಬಾಯಿಯವರ ಸಮಸ್ಯೆ ಉಳಿದುಕೊಂಡಿತ್ತು. ಇನ್ನೂ ಒಂದು ಮಾತು: ಪಟ್ಟಣದ ಮಳಿಗೆಯನ್ನು ನೆಚ್ಚಿಕೊಂಡ ಕಸುಬು ಪಟ್ಟಣದ ರುಚಿಗೆ ಬಾಗುತ್ತದೆ, ಮಗುವಿನ ಆಟಿಕೆ ಗಾಜಿನ ಕಪಾಟಿನ ಅಲಂಕಾರವಾಗುತ್ತದೆ. ಇದಕ್ಕೆ ಕಮಲಾದೇವಿಯವರನ್ನೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ನಿತ್ಯಬಳಕೆಯಿಂದ ಬೇರೆಯಾದ ಕರಕುಶಲ ಬಹಳ ದಿನ ಬದುಕದು ಎಂಬ ಎಚ್ಚರ ಅವರಿಗಿತ್ತು. ಕೊಳ್ಳುವ ನಮಗೆ ಇರಲಿಲ್ಲ.

1955ರಲ್ಲಿ ಪದ್ಮಭೂಷಣ, 1966ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಬಂದವು. 1975ರಲ್ಲಿ ಪ್ರಕಟವಾದ ಭಾರತದ ಕರಕುಶಲಗಳ ಕುರಿತ ಅವರ ಪುಸ್ತಕ ಇಂದಿಗೂ ಈ ವಿಷಯದ ಅಭ್ಯಾಸಿಗಳ ಕೈಪಿಡಿ. 1986ರಲ್ಲಿ ಆತ್ಮಕಥನ ಹೊರಬಂತು. ತನ್ನ ಖಾಸಗಿ ನೋವುಗಳ ಬಗ್ಗೆ ಅದರಲ್ಲಿ ಅವರು ಕೈಬಿಗಿಹಿಡಿದು ಬರೆದಿದ್ದಾರೆ; ಕೆಲಸದ ಬಗ್ಗೆ, ಜೊತೆಗಾರರ ಬಗ್ಗೆ ಬರೆಯುವಾಗ ಧಾರಾಳಿ. ಕೈಮಗ್ಗದ ಸೀರೆ, ಹಳ್ಳಿಯ ಅಕ್ಕಸಾಲಿ ಮಾಡಿದ ಒರಟು ಬೆಳ್ಳಿಯ ಒಡವೆ, ಮುಡಿಯಲ್ಲಿ ಹೂವು, ಇವು ಇಳಿವಯಸ್ಸಿನಲ್ಲಿಯೂ ತಪ್ಪಲಿಲ್ಲ. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡರು.

ದಿಲ್ಲಿಯ ಕರಕುಶಲ ಮಂಡಳಿಯವರು ಅವರ ಹೆಸರಿನಲ್ಲಿ ಪುರಸ್ಕಾರಗಳನ್ನು ಕೊಡುತ್ತ ಬಂದಿದ್ದಾರೆ. ಒಂದು ಬಗೆಯದು ಪಳಗಿದ ಕುಶಲಕರ್ಮಿಗಳಿಗೆ. ಇನ್ನೊಂದು, ಓದಿನ ಜೊತೆಗೆ ಕೈಕೆಲಸವನ್ನೂ ಕಲಿಯುತ್ತಿರುವ ಶಾಲಾ ಮಕ್ಕಳಿಗೆ.